ಸವೆಯದ ಪೊರಕೆ

“ಬುದ್ಧೀ, ಮನೆ ಚೊಕ್ಕಟವಾಗಿ ಇಟ್ಟುಕೊಳ್ಳೋದಕ್ಕೆ ಏನೇನು ಬೇಕು? ಒಂದು ಸಲ ತಂದರೆ ಮತ್ತೆ ತರೋ ಹಂಗಿರಬಾರದು. ಅಂಥ ಗಟ್ಟಿ ಸಾಮಾನು ಯಾವುದು?”

ಹೀಗೆ ಕೇಳಿದವನು ಹಾಲಪ್ಪ. ತೋಪಿನ ಮಠದ ಗುರುಗಳಿಗೆ ಶಿಷ್ಯ, ಆದರೆ ಸಂಸಾರಿ. ಮದುವೆಯಾದ ಮೇಲೆ ಅಣ್ಣಂದಿರಿಂದ ಬೇರೆಯಾಗಿ ಪುಟ್ಟದೊಂದು ಮನೆ ಹೂಡಿದ್ದ. ಸಂತೆ ಮುಗಿಸಿ ಊರಿಗೆ ಹಿಂತಿರುಗುವಾಗ ಮಠದ ಜಗಲಿಯ ಮೇಲೆ ಬಂದು ಕುಳಿತಿದ್ದ. ಮುಖ ಬಾಡಿತ್ತು.

ಗುರುಗಳು ಅವನನ್ನು ನೋಡಿದರು. “ಮೊನ್ನೆ ತನಕ ಆತ್ಮ ಅಂದರೇನು ಅಂತ ಕೇಳುತ್ತಿದ್ದೆಯಲ್ಲಪ್ಪ?”

“ಆತ್ಮದ ವಿಚಾರ ಆಮೇಲೆ ನೋಡೋಣ ಬುದ್ಧಿ. ಮೊದಲು ಪೊರಕೆ ವಿಚಾರ ಬಗೆಹರೀಲಿ. ಸಂತೆಗೆ ಹೊರಟೆ ಅಂದರೆ ಸಾಕು, ಪೊರಕೆ ಮೋಟಾಯ್ತು, ನಾರು ಸವೀತು, ಒರೆಸೋ ಬಟ್ಟೆ ಹರೀತು ಅಂತ ಮನೆಯವಳು ಬಾಗಿಲಲ್ಲೇ ನಿಂತಿರ್ತಾಳೆ. ಅಂಗಡಿಯವನು ಇದು ತಗೋ ಅಂತಾನೆ, ಪಕ್ಕದಲ್ಲಿ ನಿಂತವನು ಅದು ತಗೋ ಅಂತಾನೆ. ತಂದಿದ್ದು ಯಾವುದೂ ನಿಲ್ಲಲ್ಲ. ನನಗಂತೂ ಸಾಕಾಗಿ ಹೋಗಿದೆ.”

ಗುರುಗಳೂ ದಣಿದಿದ್ದರು. ಬೆಳಗಿನಿಂದ ಬಂದವರೆಲ್ಲರೂ ಸಾಕಾಗಿ ಹೋದವರೇ. ಒಬ್ಬೊಬ್ಬರಿಗೆ ಒಂದೊಂದು ಸಾಕಾಗಿತ್ತು. ಅವರು ಗೋಡೆಗೆ ಬೆನ್ನು ಕೊಟ್ಟು ಕತೆ ಹೇಳತೊಡಗಿದರು.

ಒಂದೂರಲ್ಲಿ ಒಬ್ಬ ಕಮ್ಮಾರನಿದ್ದ.

ಕೈಗುಣ ಅಂದರೆ ಅವನದು. ಅವನು ಬಡಿದ ನೇಗಿಲ ಕುಳ ಕಲ್ಲುನೆಲ ಉತ್ತರೂ ಮೊನೆ ಕಳೆದುಕೊಳ್ಳುತ್ತಿರಲಿಲ್ಲ. ಅವನ ಕುಲುಮೆಯಲ್ಲಿ ಹುಟ್ಟಿದ ಕುಡುಗೋಲನ್ನು ಅಪ್ಪ ಕೊಂಡರೆ ಅದರಲ್ಲಿ ಮಗನೂ ಪೈರು ಕೊಯ್ಯುತ್ತಿದ್ದ. ಸುತ್ತಲಿನ ಹಳ್ಳಿಯವರು ತಮ್ಮೂರ ಕಮ್ಮಾರನನ್ನು ಬಿಟ್ಟು ಇವನ ಕುಲುಮೆಗೆ ಗಾಡಿ ಹೊಡೆದುಕೊಂಡು ಬರುತ್ತಿದ್ದರು. ಅವನು ಸುತ್ತಿಗೆ ಎತ್ತಿದರೆ ನೋಡುವುದಕ್ಕೆಂದೇ ನಾಲ್ಕು ಜನ ನಿಲ್ಲುತ್ತಿದ್ದರು. ಇದು ಅವನಿಗೆ ಗೊತ್ತಿತ್ತು. ಚೆನ್ನಾಗಿಯೇ ಗೊತ್ತಿತ್ತು.

“ನನ್ನ ಕೈಯಿಂದ ಹೋದ ಸಾಮಾನು ಸವೆದು ತಿರುಗಿ ಬಂದಿದ್ದರೆ ತೋರಿಸಿ. ಈಗಲೇ ಸುತ್ತಿಗೆ ಕೆಳಗಿಡ್ತೀನಿ” ಎಂದು ಅವನು ಸವಾಲು ಹಾಕುತ್ತಿದ್ದ. ತೋರಿಸುವ ಗಂಡು ಆ ಸೀಮೆಯಲ್ಲಿ ಇರಲಿಲ್ಲ.

ಅವನ ಮನೆ ಕುಲುಮೆಯ ಬೆನ್ನಿಗೇ ಇತ್ತು. ಮಣ್ಣಿನ ಗೋಡೆ, ಮಣ್ಣಿನ ನೆಲ. ನೆಲವನ್ನು ಅವನ ಅಜ್ಜ ಬಡಿದು ಗಟ್ಟಿ ಮಾಡಿದ್ದು. ಅದರ ಮೇಲೆ ಅಜ್ಜಿ, ಅಮ್ಮ, ಈಗ ಹೆಂಡತಿ ಸಗಣಿ ಸಾರಿಸುತ್ತ ಬಂದಿದ್ದರು. ನುಣ್ಣಗೆ, ಕರ್ರಗೆ, ಕಾಲಿಟ್ಟರೆ ತಣ್ಣಗೆ ಇರುತ್ತಿತ್ತು. ಅದರ ಕಡೆ ಕಮ್ಮಾರ ಎಂದೂ ನೋಡಿದವನಲ್ಲ. ನೆಲವನ್ನು ಯಾರು ನೋಡುತ್ತಾರೆ?

ಸುಗ್ಗಿ ಮುಗಿದ ಮೇಲೆ ಪೊರಕೆ ಮಾರುವವಳು ತಲೆಯ ಮೇಲೆ ಹೊರೆ ಹೊತ್ತು ಊರಿಗೆ ಬರುತ್ತಿದ್ದಳು. ಕಮ್ಮಾರನ ಹೆಂಡತಿ ಅವಳ ದಾರಿ ಕಾಯುತ್ತಿದ್ದಳು. ಒಳಗೆ ಗುಡಿಸಲು ಹಂಚಿಹುಲ್ಲಿನ ಕಡ್ಡಿಯ ಮೆತ್ತನೆ ಪೊರಕೆ, ಅಂಗಳಕ್ಕೆ ತೆಂಗಿನಕಡ್ಡಿಯದು. ಮೊರದ ತುಂಬ ರಾಗಿ ಕೊಟ್ಟು ಎರಡನ್ನೂ ತೆಗೆದುಕೊಳ್ಳುತ್ತಿದ್ದಳು.

ಒಂದು ವರ್ಷ ಅವಳು ಹೀಗೆ ಪೊರಕೆ ಆರಿಸುತ್ತಿದ್ದಾಗ ಒಬ್ಬ ರೈತ ಕುಲುಮೆಯ ಮುಂದೆ ಕುಳಿತಿದ್ದ. ಅವನ ಬಾಯಿ ಸುಮ್ಮನಿರಲಿಲ್ಲ.

“ಏನ್ ಆಚಾರ್ರೇ, ಊರಿಗೆಲ್ಲ ಸವೆಯದ ಸಾಮಾನು ಕೊಡೋರು ನೀವು. ನಿಮ್ಮನೇಲಿ ವರ್ಷಕ್ಕೊಂದು ಪೊರಕೆ ಸವೀತದಲ್ಲ! ನಿಮ್ಮಾಕೆಗೆ ನಿಮ್ಮ ಕೈ ಮೇಲೆ ನಂಬಿಕೆ ಇಲ್ಲ ಅಂತ ಕಾಣ್ತದೆ.”

ಕುಲುಮೆಯ ಮುಂದೆ ಇದ್ದವರೆಲ್ಲ ನಕ್ಕರು. ಕಮ್ಮಾರನೂ ನಕ್ಕ. ಆದರೆ ಆ ಮಾತು ಅವನ ಎದೆಯಲ್ಲಿ ಮುಳ್ಳಿನಂತೆ ಕೂತಿತು. ಊಟಕ್ಕೆ ಕೂತ. ಕಣ್ಣೆದುರಿಗೆ ಮೂಲೆಯಲ್ಲಿ ಆ ಹುಲ್ಲಿನ ಪೊರಕೆ ಒರಗಿತ್ತು. ಕಮ್ಮಾರನ ಮನೆಯಲ್ಲಿ ಹುಲ್ಲು!

ಮಾರನೆಯ ದಿನ ಅವನು ರೈತರ ಕೆಲಸವನ್ನೆಲ್ಲ ಬದಿಗಿಟ್ಟ. ತಿದಿ ಒತ್ತಿದ. ಕಬ್ಬಿಣವನ್ನು ಕಾಸಿದ, ಬಡಿದ, ಎಳೆದ, ತೆಂಗಿನಕಡ್ಡಿಯಷ್ಟು ಸಣ್ಣ ಕಡ್ಡಿಗಳನ್ನು ಮಾಡಿದ. ಒಂದೊಂದರ ತುದಿಯನ್ನೂ ಕಾಸಿ ನೀರಿಗದ್ದಿ ಹದ ಹಾಕಿದ. ಬುಡಕ್ಕೆ ಕಬ್ಬಿಣದ ಬಳೆ ತೊಡಿಸಿ ಬಿಗಿದ. ಹಿಡಿಯಲು ಜಾಲಿಮರದ ಕಾವು ಹಾಕಿದ. ಕುಲುಮೆ ಕಟ್ಟಿದಂದಿನಿಂದ ಅಂಥ ಕೆಲಸ ಯಾರೂ ಮಾಡಿರಲಿಲ್ಲ. ಊರಿಗೆ ಊರೇ ಬಂದು ನೋಡಿತು. ಗೇಲಿ ಮಾಡಿದ ರೈತನೂ ಬಂದ. ಪೊರಕೆಯನ್ನು ಕೈಯಲ್ಲಿ ಹಿಡಿದ. ಕಡ್ಡಿ ಬಗ್ಗಿಸಲು ನೋಡಿದ. ಬಗ್ಗಲಿಲ್ಲ.

“ಸೋತೆ ಆಚಾರ್ರೇ” ಎಂದು ಕೈಮುಗಿದ.

ಕಮ್ಮಾರ ಮೀಸೆಯ ಮೇಲೆ ಕೈಯಾಡಿಸಿದ. “ನಾನು ಸತ್ತು, ನನ್ನ ಮಗ ಸತ್ತು, ಮೊಮ್ಮಗನ ಕಾಲಕ್ಕೂ ಇದು ಹಿಂಗೇ ಇರ್ತದೆ. ನಿನ್ನ ಮೊಮ್ಮಗನ್ನ ಕಳಿಸು, ನೋಡ್ಕೊಂಡು ಬರಲಿ.”

ಹೆಂಡತಿ ಪೊರಕೆಯನ್ನು ಎತ್ತಿ ನೋಡಿದಳು. “ಭಾರ ಐತೆ” ಎಂದಳು.

“ಗಟ್ಟಿ ಇರೋದು ಭಾರಾನೇ ಇರ್ತದೆ ಕಣೇ. ಹುಲ್ಲು ಹಿಡಿದ ಕೈಗೆ ಕಬ್ಬಿಣ ಅಭ್ಯಾಸ ಆಗೋವರೆಗೆ ಹಂಗೆ.”

ಅಷ್ಟಕ್ಕೇ ಅವನು ನಿಲ್ಲಿಸಲಿಲ್ಲ. ಕೈಗೆ ಹುಕಿ ಬಂದಿತ್ತು. ಪಾತ್ರೆ ತಿಕ್ಕಲು ಕಬ್ಬಿಣದ ಎಳೆಗಳನ್ನು ಸುತ್ತಿ ಒಂದು ಉಂಡೆ ಮಾಡಿಕೊಟ್ಟ. ಸಾರಿಸುವ ನೀರಿಗೆ ಕಬ್ಬಿಣದ ಬಕೆಟ್ಟು ಮಾಡಿಕೊಟ್ಟ. ನೀರು ತುಂಬುವ ಮೊದಲೇ ಅದು ತುಂಬಿದ ಕೊಡದಷ್ಟು ಭಾರವಿತ್ತು. ಮನೆಯಲ್ಲಿದ್ದ ಹಂಚಿಪೊರಕೆ, ತೆಂಗಿನ ನಾರು, ಬೂದಿ ಇಡುವ ಚಿಪ್ಪು, ಇವನ್ನೆಲ್ಲ ತಾನೇ ಒಯ್ದು ತಿಪ್ಪೆಗೆ ಎಸೆದ. ಮರು ಸುಗ್ಗಿಗೆ ಪೊರಕೆಯವಳು ಬಂದಾಗ ಬೀದಿಯಲ್ಲೇ ನಿಂತು ಕೂಗಿ ಹೇಳಿದ, “ನಮ್ಮ ಬಾಗಿಲಿಗೆ ಇನ್ನು ಬರಬೇಡ ಕಣವ್ವ. ನಮಗೆ ಜನ್ಮಕ್ಕಾಗುವಷ್ಟು ಆಗಿದೆ.”

ಅವನ ಹೆಂಡತಿ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಳು.

ಕಬ್ಬಿಣದ ಪೊರಕೆಯಿಂದ ಮೊದಮೊದಲು ಕಸ ಚೆನ್ನಾಗಿಯೇ ಬಂತು. ಎಷ್ಟು ಬಂತೆಂದರೆ ಕಮ್ಮಾರನೇ ಬೆರಗಾದ. “ನೋಡು, ಆ ಹುಲ್ಲು ಇಷ್ಟು ಕಸ ಬಿಟ್ಟಿತ್ತು” ಎಂದ. ಹೆಂಡತಿ ಮೊರದಲ್ಲಿ ತುಂಬಿ ತಿಪ್ಪೆಗೆ ಹಾಕಿದಳು. ಸಂಜೆ ಗುಡಿಸಿದಳು. ಮತ್ತೆ ಅಷ್ಟೇ ಬಂತು. ಬೆಳಿಗ್ಗೆ ಗುಡಿಸಿದಳು. ಆಗಲೂ ಅಷ್ಟೇ.

ಮನೆಯಲ್ಲಿ ಧೂಳು ಏಳತೊಡಗಿತು. ಉಣ್ಣುವ ತಟ್ಟೆಯಲ್ಲಿ ಧೂಳು, ಹಾಸಿಗೆಯಲ್ಲಿ ಧೂಳು, ದೇವರ ಗೂಡಿನಲ್ಲಿ ಧೂಳು. ಕಮ್ಮಾರ ಕುಲುಮೆಯಿಂದ ಬಂದವನೇ ರೇಗಾಡುತ್ತಿದ್ದ. “ಇಂಥ ಪೊರಕೆ ಮಾಡಿಕೊಟ್ಟರೂ ಮನೆ ಹಿಂಗಿದ್ದರೆ ಏನು ಹೇಳೋದು? ಗುಡಿಸ್ತೀಯೋ, ಸುಮ್ಮನೆ ಆಡಿಸ್ತೀಯೋ?”

ಅವಳು ಇನ್ನೂ ಒತ್ತಿ ಗುಡಿಸಿದಳು. ಧೂಳು ಇನ್ನೂ ಎದ್ದಿತು. ಧೂಳು ಕೂರಿಸಲು ಸಗಣಿ ಸಾರಿಸಿದಳು. ಮೊದಲು ಹಬ್ಬಕ್ಕೋ ಅಮಾವಾಸ್ಯೆಗೋ ಸಾರಿಸುತ್ತಿದ್ದವಳು ಈಗ ದಿನ ಬಿಟ್ಟು ದಿನ ಸಾರಿಸಿದಳು. ಸಾರಿಸಿದ್ದು ಒಣಗುವುದೇ ತಡ, ಕಬ್ಬಿಣದ ಕಡ್ಡಿ ಅದನ್ನು ಚೂರುಚೂರಾಗಿ ಕಿತ್ತು ತರುತ್ತಿತ್ತು. ಕಸ ಗುಡಿಸಿ ತಲೆ ಎತ್ತಿದರೆ ಮಧ್ಯಾಹ್ನ. ನೀರು ತಂದು ಸಾರಿಸಿ ತಲೆ ಎತ್ತಿದರೆ ಸಂಜೆ. ಊರ ಹೆಂಗಸರು ಬಾವಿಕಟ್ಟೆಯಲ್ಲಿ ಕೂತು ಮಾತಾಡುವಾಗ ಇವಳು ಇರುತ್ತಿರಲಿಲ್ಲ.

ಒಂದು ದಿನ ಅವಳು ಗಂಡನಿಗೆ ಹೇಳಿದಳು.

“ಇದು ಕಸ ಗುಡಿಸ್ತಾ ಇಲ್ಲ, ನೆಲಾನ ಕೆರೀತಾ ಐತೆ. ಹೊರಗಡೆಗೆ ಇದೇ ಇರಲಿ. ಒಳಗೆ ಮಾತ್ರ ಒಂದು ಹಂಚಿಪೊರಕೆ ಇಟ್ಕೋತೀನಿ. ಯಾರ ಕಣ್ಣಿಗೂ ಬೀಳದಂಗೆ ಬಾಗಿಲ ಸಂದೀಲಿ ಇಡ್ತೀನಿ.”

“ಸಂದೀಲಿ ಇಟ್ಟರೆ ಕಾಣಲ್ವೇನೇ? ಆ ಪೊರಕೆಯವಳು ಊರೂರಿಗೆ ಹೇಳ್ಕೊಂಡು ಹೋಗ್ತಾಳೆ, ಕಮ್ಮಾರನ ಹೆಂಡತಿ ಕದ್ದುಮುಚ್ಚಿ ಪೊರಕೆ ಕೊಂಡಳು ಅಂತ. ಆಮೇಲೆ ನಾನು ಕುಲುಮೆ ಮುಂದೆ ತಲೆ ಎತ್ತಿ ಕೂರೋದು ಹೆಂಗೆ?”

ಅವಳು ಮತ್ತೆ ಕೇಳಲಿಲ್ಲ.

ವರ್ಷಗಳು ಹೋದವು. ಯಾರಾದರೂ ಹೊಸಬರು ಕುಲುಮೆಗೆ ಬಂದರೆ ಕಮ್ಮಾರ ಒಳಗಿನಿಂದ ಪೊರಕೆ ತರಿಸುತ್ತಿದ್ದ. “ನೋಡಿ, ಒಂದು ಕಡ್ಡಿ ಮೋಟಾಗಿದ್ದರೆ ಹೇಳಿ” ಎನ್ನುತ್ತಿದ್ದ. ಬಂದವರು ಹೌದೌದು ಎಂದು ತಲೆಯಾಡಿಸುತ್ತಿದ್ದರು. ಪೊರಕೆ ತಂದುಕೊಟ್ಟ ಹೆಂಡತಿ ಅದನ್ನು ಹಿಂದಕ್ಕೆ ಒಯ್ಯಲು ಕಾದು ನಿಂತಿರುತ್ತಿದ್ದಳು, ಯಾಕೆಂದರೆ ಅರ್ಧ ಮನೆ ಇನ್ನೂ ಗುಡಿಸುವುದಿರುತ್ತಿತ್ತು. ನಿಂತಲ್ಲೇ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಕಮ್ಮಾರ ಅದನ್ನು ನೋಡಲಿಲ್ಲ. ಅವನು ಪೊರಕೆ ನೋಡುತ್ತಿದ್ದ.

ತವರಿನಿಂದ ಅವಳು ತಂದಿದ್ದ ಹಿತ್ತಾಳೆ ತಪ್ಪಲೆಯೊಂದು ತಳದಲ್ಲಿ ತೂತಾಯಿತು. “ಹಳೇದಾಗಿತ್ತು ಬಿಡು” ಎಂದ ಕಮ್ಮಾರ. ಇನ್ನೊಂದು ಪಾತ್ರೆಯೂ ಸೋರತೊಡಗಿತು. “ನಿಮ್ಮ ಕಡೆ ಕಂಚುಗಾರರು ಮೋಸಗಾರರು” ಎಂದ. ಕಬ್ಬಿಣದ ಉಂಡೆ ಮಾತ್ರ ಹೊಸದರಂತೆಯೇ ಇತ್ತು.

ಆ ವರ್ಷ ಮುಂಗಾರಿಗೆ ಮೊದಲೇ ಒಂದು ದೊಡ್ಡ ಮಳೆ ಹೊಡೆಯಿತು. ಅಂಗಳದಲ್ಲಿ ನೀರು ನಿಂತಿತು. ನಿಂತ ನೀರು ಮೆಲ್ಲಗೆ ಹೊಸ್ತಿಲು ದಾಟಿ ಮನೆಯೊಳಗೆ ಇಳಿಯಿತು. ಹೌದು, ಇಳಿಯಿತು. ಕಮ್ಮಾರ ಮಂಚದ ಮೇಲಿಂದ ಕಾಲು ಕೆಳಗಿಟ್ಟರೆ ಹಿಮ್ಮಡಿ ಮುಳುಗಿತು.

ಅವನ ಅಜ್ಜನ ಕಾಲದಿಂದ ಆ ಮನೆಗೆ ನೀರು ನುಗ್ಗಿದ್ದಿಲ್ಲ. ಅವನಿಗೆ ಸಿಟ್ಟು ನೆತ್ತಿಗೇರಿತು. ಮಳೆಯಲ್ಲೇ ನೆನೆದುಕೊಂಡು ಮೇಲುಮನೆಯವನ ಬಾಗಿಲಿಗೆ ಹೋಗಿ ನಿಂತ.

“ಏನ್ಲಾ, ನಿನ್ನ ಅಂಗಳದ ನೀರನ್ನ ನನ್ನ ಮನೆಗೆ ತಿರುಗಿಸಿದ್ದೀಯಾ?”

“ನಾನ್ಯಾಕೆ ತಿರುಗಿಸಲಿ ಆಚಾರ್ರೇ? ನಿಮ್ಮ ಮನೆ ಗುಂಡೀಲಿ ಕೂತಂಗೆ ಕೂತೈತೆ. ನೀರು ಇನ್ನೆಲ್ಲಿಗೆ ಹೋಗ್ತದೆ?”

“ನನ್ನ ಮನೇನ ಗುಂಡಿ ಅಂತೀಯಾ?” ಎಂದು ಕಮ್ಮಾರ ಕೈ ಎತ್ತಿದ. ನಾಲ್ಕು ಜನ ಬಂದು ಬಿಡಿಸಿದರು.

ಅವನು ಮನೆಗೆ ಹಿಂತಿರುಗಿದಾಗ ಹೆಂಡತಿ ಕಬ್ಬಿಣದ ಬಕೆಟ್ಟಿನಲ್ಲಿ ನೀರು ಎತ್ತಿ ಹೊರಗೆ ಸುರಿಯುತ್ತಿದ್ದಳು. ಬಾಗುವುದು, ತುಂಬುವುದು, ಹೊಸ್ತಿಲವರೆಗೆ ಒಯ್ಯುವುದು, ಚೆಲ್ಲುವುದು. ಅವನು ಅಂಗಳದಲ್ಲಿ ಕಾಲುವೆ ತೋಡಲು ಹೋದ. ತೋಡಿ ಮುಗಿಸಿ ಬಂದಾಗ ಬಕೆಟ್ಟು ನೀರಿನಲ್ಲಿ ಅಡ್ಡ ಬಿದ್ದಿತ್ತು. ಅವಳು ಮಂಚದ ಮೇಲೆ ಕುಳಿತಿದ್ದಳು.

“ಯಾಕೆ ಕೂತೆ?”

“ಕೈ ಬರ್ತಿಲ್ಲ” ಎಂದಳು.

ಅವಳು ಹೆದರಿರಲಿಲ್ಲ, ಅಳುತ್ತಲೂ ಇರಲಿಲ್ಲ. ಬೆರಳು ಬಿಡಿಸಲು ನೋಡಿದಳು. ಬಿಡಿಸಲಾಗಲಿಲ್ಲ. ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಯಾರದೋ ಕೈ ನೋಡುವಂತೆ ನೋಡುತ್ತಿದ್ದಳು. ಆಮೇಲೆ ಗೋಡೆಯ ಕಡೆ ತಿರುಗಿ ಮಲಗಿಬಿಟ್ಟಳು. ಜ್ವರ ಬಂತು. ಕಮ್ಮಾರ ಪಂಡಿತನನ್ನು ಕರೆತಂದ. ಪಂಡಿತ ಕೈ ಹಿಡಿದು ನೋಡಿ, ಎಣ್ಣೆ ಹಚ್ಚಲು ಹೇಳಿ, “ಜ್ವರ ಇಳೀತದೆ. ಈ ಕೈ ಮಾತ್ರ ಮೊದಲಿನಂಗೆ ಆಗ್ತದೆ ಅಂತ ನಾನು ಹೇಳಲ್ಲ” ಎಂದು ಹೊರಟುಹೋದ.

ಬಿಸಿಲು ಬಂದು ನೆಲ ಒಣಗಿದ ಮೇಲೆ ಮನೆ ಗುಡಿಸುವವರು ಯಾರೂ ಇರಲಿಲ್ಲ. ಕಮ್ಮಾರ ತಾನೇ ಪೊರಕೆ ಹಿಡಿದ. ಅದನ್ನು ಮಾಡಿದವನು ಅವನೇ, ತೋರಿಸಿದವನು ಅವನೇ, ಅದರಲ್ಲಿ ಗುಡಿಸಿದ್ದು ಮಾತ್ರ ಅದೇ ಮೊದಲು.

ಒಂದು ಮೂಲೆಯಿಂದ ಗುಡಿಸುತ್ತ ಬಂದ. ಬಾಗಿಲ ಬಳಿ ಕಸದ ಗುಡ್ಡೆಯಾಯಿತು. ಎತ್ತಿ ಹಾಕಿದ. ಹಿಂತಿರುಗಿ ನೋಡಿದರೆ ಗುಡಿಸಿದ ಜಾಗವೆಲ್ಲ ಧೂಳು. ಮತ್ತೆ ಗುಡಿಸಿದ. ಮತ್ತೆ ಅಷ್ಟೇ ಗುಡ್ಡೆ. ಇದೇನು ಮಾಯ ಎಂದು ಇನ್ನಷ್ಟು ಒತ್ತಿ ಗುಡಿಸಿದ. ದಿನವಿಡೀ ಸುತ್ತಿಗೆ ಬೀಸಿದರೂ ದಣಿಯದ ಆಳು ಅವನು. ಸೊಂಟ ಹಿಡಿಯಿತು. ತೋಳು ಸೋತಿತು. ಸುತ್ತಿಗೆ ಬೀಸಿದರೆ ಕಬ್ಬಿಣ ಬಗ್ಗುತ್ತದೆ, ಮಾಡಿದ ಕೆಲಸ ಕಣ್ಣಿಗೆ ಕಾಣುತ್ತದೆ. ಇಲ್ಲಿ ಮಾಡಿದ್ದೆಲ್ಲ ಮತ್ತೆ ಮಾಡದ ಹಾಗೆಯೇ ಬಿದ್ದಿರುತ್ತಿತ್ತು. ಇಂಥ ಸುಸ್ತು ಅವನಿಗೆ ಗೊತ್ತಿರಲಿಲ್ಲ.

ಉಸಿರು ತೆಗೆದುಕೊಳ್ಳಲು ಅವನು ಒರಳುಕಲ್ಲಿನ ಮೇಲೆ ಕುಳಿತ.

ಕುಳಿತವನು ಹಾಗೆಯೇ ಯೋಚಿಸಿದ. ಒರಳುಕಲ್ಲಿನ ಮೇಲೆ ಹೀಗೆ ಕಾಲು ಇಳಿಬಿಟ್ಟು ಕೂರಲು ಬಂದದ್ದು ಯಾವಾಗ? ಅದನ್ನು ನೆಲದಲ್ಲಿ ಹೂತಿದ್ದರು. ಅದರ ಬಾಯಿ ನೆಲಕ್ಕೆ ಸಮನಾಗಿತ್ತು. ಅವನ ಅಮ್ಮ ನೆಲದ ಮೇಲೆ ಕುಳಿತು ಅದರಲ್ಲಿ ರುಬ್ಬುತ್ತಿದ್ದಳು. ಈಗ ಅದು ಕೆರೆಯ ನೀರು ಬತ್ತಿದಾಗ ಏಳುವ ಬಂಡೆಯಂತೆ ನೆಲದಿಂದ ಮೇಲೆದ್ದು ನಿಂತಿತ್ತು.

ಕಮ್ಮಾರ ಎದ್ದು ನಿಂತ. ಕಂಬದ ಕಡೆ ನೋಡಿದ. ಕಂಬದ ಕೆಳಗಿನ ಕಲ್ಲು, ಮಣ್ಣಿನೊಳಗೆ ಇರಬೇಕಾದದ್ದು, ಬುಡದವರೆಗೂ ಹೊರಗೆ ಬಂದಿತ್ತು. ಗೋಡೆಯ ಕಡೆ ನೋಡಿದ. ಗೋಡೆಯ ಕೆಳಗೆ ಅಡಿಪಾಯದ ಕಲ್ಲು ಹಲ್ಲು ಕಿರಿಯುತ್ತಿತ್ತು. ಹೊಸ್ತಿಲ ಕಡೆ ನೋಡಿದ. ಮನೆಯಿಂದ ಹೊರಗೆ ಹೋಗಬೇಕಾದರೆ ಕಾಲೆತ್ತಿ ಹತ್ತಬೇಕಿತ್ತು. ಇಷ್ಟು ದಿನ ಅವನು ಹತ್ತುತ್ತಲೇ ಇದ್ದ. ದಿನಕ್ಕೊಂದಿಷ್ಟೇ ಎತ್ತರವಾದ ಮೆಟ್ಟಿಲು ಕಾಲಿಗೆ ತಿಳಿದಿರಲಿಲ್ಲ.

ಅವನು ಮಂಚದ ಬಳಿಗೆ ಹೋದ.

“ನೆಲ ಎಲ್ಲಿ ಹೋಯ್ತೇ?” ಎಂದ.

“ತಿಪ್ಪೇಲಿ ಐತೆ” ಎಂದಳು ಹೆಂಡತಿ. ತಿರುಗಿ ನೋಡಲಿಲ್ಲ. “ದಿನಾ ನಾನೇ ಹೊತ್ತಾಕಿದೀನಿ.”

“ನಿನಗೆ ಗೊತ್ತಿತ್ತಾ?”

“ಗೊತ್ತಿತ್ತು.”

“ಮತ್ತೆ ಯಾಕೆ ಹೇಳಲಿಲ್ಲ?”

“ಹೇಳಿದ್ದೆ. ಆಮೇಲೆ ಹೇಳಕ್ಕೂ ಸಾಕಾಯ್ತು. ಗುಡಿಸೋದೇ ಸಲೀಸು ಅನ್ನಿಸ್ತು.”

ಕಮ್ಮಾರ ಅವಳ ಕೈಯನ್ನು ತೆಗೆದುಕೊಂಡು ಅಂಗೈ ತಿರುಗಿಸಿದ. ಕುಲುಮೆಯವನ ಅಂಗೈ ಗಟ್ಟಿ ಇರಬೇಕು, ಅದು ಅವನಿಗೆ ಹೆಮ್ಮೆ. ಇದು ತನ್ನ ಅಂಗೈಗಿಂತ ಗಟ್ಟಿಯಾಗಿತ್ತು. ಬೆರಳುಗಳ ಗೆಣ್ಣು ಊದಿಕೊಂಡು, ಪೊರಕೆ ಹಿಡಿದ ಆಕಾರದಲ್ಲೇ ಬಾಗಿ ನಿಂತಿದ್ದವು. ನೇರ ಮಾಡಲು ನೋಡಿದ. ಅವಳು ನೋವಿಗೆ ಕೈ ಎಳೆದುಕೊಂಡಳು.

ಅವನು ಪೊರಕೆಯನ್ನು ಬೆಳಕಿಗೆ ಒಯ್ದು ನೋಡಿದ. ಒಂದು ಕಡ್ಡಿಯೂ ಮೋಟಾಗಿರಲಿಲ್ಲ. ಹದ ಹಾಕಿದ ತುದಿಗಳು ಮಾಡಿದ ದಿನ ಹೇಗಿದ್ದವೋ ಹಾಗೆಯೇ ಇದ್ದವು. ಅವನು ಹೇಳಿದ್ದೆಲ್ಲ ಅಕ್ಷರಶಃ ನಿಜವಾಗಿತ್ತು. ಜೀವನದಲ್ಲಿ ಮೊದಲ ಸಲ ಅವನಿಗೆ ತನ್ನ ಕೈಗುಣದ ಮೇಲೆ ಹೇಸಿಕೆ ಬಂತು.

ನೆಲವನ್ನು ತಿರುಗಿ ತರೋಣವೆಂದು ತಿಪ್ಪೆಗೆ ಹೋದ. ತಿಪ್ಪೆಯ ಗೊಬ್ಬರ ವರ್ಷ ವರ್ಷವೂ ಊರವರ ಗಾಡಿಯಲ್ಲಿ ಹೊಲಕ್ಕೆ ಹೋಗಿತ್ತು. ಅಜ್ಜ ಬಡಿದ ನೆಲ, ಅಮ್ಮ ಸಾರಿಸಿದ ನೆಲ, ಯಾರ ಯಾರ ಹೊಲದಲ್ಲೋ ಹರಡಿ ಹೋಗಿತ್ತು. ಕೆರೆಯಂಗಳದಿಂದ ಹೊಸ ಮಣ್ಣು ಹೊತ್ತು ತಂದ. ಹಾಕಿದ, ನೀರು ಚಿಮುಕಿಸಿದ, ಬಡಿದ. ಒರಳುಕಲ್ಲಿನ ಬಾಯಿ ಮತ್ತೆ ನೆಲಕ್ಕೆ ಸಮನಾಗುವವರೆಗೆ ಬಡಿದ. ಆ ದಿನಗಳಲ್ಲಿ ಕುಲುಮೆ ತಣ್ಣಗಿತ್ತು. ರೈತರು ಬಂದು ಬೈದುಕೊಂಡು ಹೋದರು.

ನೆಲ ಆರಿದ ಮೇಲೆ ಅವನು ಹೆಂಡತಿಯ ಮುಂದೆ ಕುಳಿತು ಕೇಳಿದ. ಮದುವೆಯಾದಾಗಿನಿಂದ ಕೇಳದೆ ಇದ್ದ ಮಾತು ಅದು.

“ಮನೆ ಶುಚಿ ಮಾಡಕ್ಕೆ ನಿನಗೆ ಏನು ಬೇಕು?”

“ಒಳಗಡೆಗೆ ಹಂಚಿಪೊರಕೆ. ಅಂಗಳಕ್ಕೆ ತೆಂಗಿನಕಡ್ಡಿಯದು. ಪಾತ್ರೆಗೆ ಒಂದು ಹಿಡಿ ನಾರು, ಒಲೆ ಬೂದಿ. ಒರೆಸೋದಕ್ಕೆ ನನ್ನ ಹಳೇ ಸೀರೆ ತುಂಡು.”

“ಅಷ್ಟೇನಾ?”

“ಇನ್ನೇನು? ಅರಮನೆಯಾ ಇದು?”

“ಅವೆಲ್ಲ ಸವೀತಾವಲ್ಲೇ.”

“ಸವೀಲಿ. ಅವು ಸವೆದರೆ ಇನ್ನೊಂದು ಬರ್ತದೆ.”

ಕಮ್ಮಾರ ಪೊರಕೆಯವಳನ್ನು ಹುಡುಕಿಕೊಂಡು ಅವಳ ಊರಿಗೇ ಹೋದ. ತನ್ನ ಹೆಗಲ ಮೇಲೆ ಪೊರಕೆ ಹೊತ್ತುಕೊಂಡು ಬೀದಿಯಲ್ಲಿ ನಡೆದು ಬಂದ. ಅವತ್ತು ಊರು ಮಾತಾಡಿದ್ದು ಅಷ್ಟಿಷ್ಟಲ್ಲ.

ಹೆಂಡತಿ ಮಂಚದ ಮೇಲೆ ಕುಳಿತು ಹೇಳುತ್ತಿದ್ದಳು, ಅವನು ಕಲಿಯುತ್ತಿದ್ದ. ಒತ್ತಬೇಡಿ, ಸವರಿದಂಗೆ ಗುಡಿಸಿ. ಗುಡಿಸಿದ ಮೇಲೆ ಪೊರಕೆಯನ್ನು ಒದ್ದೆ ನೆಲದ ಮೇಲೆ ಎಸೆಯಬೇಡಿ, ಗೂಟಕ್ಕೆ ನೇತು ಹಾಕಿ. ಕಟ್ಟು ಸಡಿಲವಾದರೆ ಬಿಚ್ಚಿ ಬಿಗಿಯಾಗಿ ಕಟ್ಟಿ, ಇನ್ನೂ ಒಂದಷ್ಟು ದಿನ ಬರ್ತದೆ. ನಾರನ್ನು ಹಿಂಡಿ ಬಿಸಿಲಿಗೆ ಇಡಿ. ಒಳಗೆ ಗುಡಿಸಿ ಮೋಟಾದ ಪೊರಕೆ ಕೊಟ್ಟಿಗೆಗೆ ಹೋಗಲಿ, ಅಲ್ಲೂ ಮುಗಿದರೆ ನೀರೊಲೆಗೆ ಹೋಗಲಿ. ಕಮ್ಮಾರ ತಪ್ಪು ಮಾಡುತ್ತಿದ್ದ. ಅವಳು ಬೈಯುತ್ತಿದ್ದಳು. ಬೈಯಲು ಅವಳಿಗೆ ಮತ್ತೆ ದನಿ ಬಂದಿತ್ತು.

ಅವಳ ಕೈ ಅರ್ಧ ಬಂತು. ಮುದ್ದೆ ಕಟ್ಟುವಷ್ಟು ಬಂತು. ಒದ್ದೆ ಬಟ್ಟೆ ಹಿಂಡುವಷ್ಟು ಬರಲಿಲ್ಲ. ಹಾಗಾಗಿ ಗುಡಿಸುವುದು, ಸಾರಿಸುವುದು, ನೀರು ತರುವುದು ಕಮ್ಮಾರನ ಪಾಲಿಗೇ ಉಳಿಯಿತು. ಅವನು ಬೆಳಿಗ್ಗೆ ಮನೆ ಗುಡಿಸಿ ಆಮೇಲೆ ಕುಲುಮೆಗೆ ಬೆಂಕಿ ಹಾಕುತ್ತಿದ್ದ. ಸುಸ್ತಾಗುತ್ತಿತ್ತು. ಕುಳಗಳ ಕೆಲಸ ಹಿಂದೆ ಬೀಳುತ್ತಿತ್ತು. ದೂರದ ಗಾಡಿಗಳು ಬರುವುದು ಕಡಿಮೆಯಾಯಿತು.

ಆ ಮೊದಲಿನ ರೈತ ಒಂದು ಬೆಳಿಗ್ಗೆ ಬಂದು ಇವನನ್ನು ನೋಡಿ ನಕ್ಕ. “ಏನ್ ಆಚಾರ್ರೇ, ಕೊನೆಗೂ ನಿಮ್ಮ ಕೈಗೇ ಪೊರಕೆ ಬಂತಲ್ಲ!”

“ಬಂತು ಕಣಪ್ಪ” ಎಂದ ಕಮ್ಮಾರ. “ತಡವಾಗಿ ಬಂತು.” ಅಂದು, ಬಗ್ಗಿ, ಉಳಿದ ಅಂಗಳ ಗುಡಿಸಿದ.

ಗುರುಗಳು ಕತೆ ನಿಲ್ಲಿಸಿದರು.

ಹಾಲಪ್ಪ ಲವಲವಿಕೆಯಿಂದ ಎದ್ದು ನಿಂತ. ಅವನ ಮುಖ ಅರಳಿತ್ತು.

“ತಿಳೀತು ಬುದ್ಧಿ, ಚೆನ್ನಾಗಿ ತಿಳೀತು. ಒಳಗೆ ಹಂಚಿಪೊರಕೆ, ಹೊರಗೆ ಕಡ್ಡಿಪೊರಕೆ, ಪಾತ್ರೆಗೆ ನಾರು ಬೂದಿ, ಒರೆಸೋಕೆ ಹಳೇ ನೂಲಿನ ಬಟ್ಟೆ. ಬೇರೆ ಯಾವುದೂ ಬೇಡ. ಒತ್ತಿ ಗುಡಿಸಬಾರದು, ಪೊರಕೆ ನೇತು ಹಾಕಬೇಕು, ನಾರು ಒಣಗಿಸಬೇಕು. ಮನೆಗೆ ಹೋದವನೇ ನನ್ನ ಹೆಂಡತಿಗೆ ಇದನ್ನೆಲ್ಲ ಸರಿಯಾಗಿ ಹೇಳಿಕೊಡ್ತೀನಿ.”

ಗುರುಗಳು ಕಣ್ಣು ಮುಚ್ಚಿಕೊಂಡರು. ತೆರೆದರು.

“ಇದನ್ನು ಕೇಳಲು ನಿನಗೆ ಬಿಡುವು ಸಿಕ್ಕಿತು ಹಾಲಪ್ಪ, ನಿನ್ನ ಹೆಂಡತಿಗೆ ಯಾಕೆ ಸಿಗಲಿಲ್ಲ?”